ಚಿಂದಿಯ ಗಂಟು, ಕೌದಿಯ ಪಾಠ

(ಶತಮಾನೋತ್ಸವದ ಅಂಗವಾಗಿ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಉಪನ್ಯಾಸದ ಬರಹರೂಪ)



ಈ ಉಪನ್ಯಾಸಮಾಲೆಯಲ್ಲಿ ಪ್ರತಿಯೊಬ್ಬರೂ ತಮ್ಮ ಬಾಳಿನಲ್ಲಿ ಬಹುಕಾಲ ಜೊತೆಗಿದ್ದ ಒಂದು ವಿಷಯವನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ಸೂಚಿಸಿದರು. ನಾನು ಶಿಕ್ಷಣವನ್ನೋ ಗಡಿನಾಡಿನ ಭಾಷಾಸಮಸ್ಯೆಯನ್ನೋ ಆರಿಸಿಕೊಳ್ಳುವೆನೆಂದು ಹಲವರು ಎಣಿಸಿದ್ದರು. ನಾನು ಕೌದಿ ಎಂದೆ. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಹಿರಿಯರೊಬ್ಬರು, "ಬಾಯಿಯವರ, ಕೌದಿ ಅಂದ್ರ ಹೊದ್ಕೊಳ್ಳೂ ಕೌದೀನ?" ಎಂದು ಕೇಳಿದರು. ಹೌದು, ಅದೇ ಕೌದಿ. ನಮ್ಮೆಲ್ಲರ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಮಡಚಿ ಬಿದ್ದಿರುವ, ಅತಿಥಿಗಳು ಬಂದರೆ ನಾವು ಅವಸರದಿಂದ ಒಳಗೆ ಸರಿಸುವ ಅದೇ ಕೌದಿ. ಅದನ್ನು ಕುರಿತು ಮಾತನಾಡಲು ನನಗೆ ಎರಡು ಕಾರಣಗಳಿವೆ. ಒಂದು ನನ್ನ ಹವ್ಯಾಸ. ಇನ್ನೊಂದು, ನಾನು ಇದೇ ಶಾಲೆಯಲ್ಲಿ ಮಾಡಿದ ಒಂದು ತಪ್ಪು. ಮೊದಲನೆಯದನ್ನು ಮೊದಲು ಹೇಳುತ್ತೇನೆ.

ಉಟ್ಟು ಸವೆದ ಹತ್ತಿಯ ಸೀರೆ, ಧೋತರಗಳನ್ನು ನಾಲ್ಕೈದು ಪದರ ಹಾಸಿ, ಅವುಗಳ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲ ಪದರಗಳನ್ನೂ ಹಿಡಿದು ಸಾದಾ ಓಟದ ಹೊಲಿಗೆ ಹಾಕಿದರೆ ಅದು ಕೌದಿ. ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಅದಕ್ಕೆ ಹೆಸರು ಒಂದೇ ಅಲ್ಲ. ನಾವು ಕೌದಿ ಎನ್ನುತ್ತೇವೆ. ಪಕ್ಕದ ಮನೆಯ ಮರಾಠಿಯವರು ಗೋಧಡಿ ಅಥವಾ ವಾಕಳ ಎನ್ನುತ್ತಾರೆ. ಮಗ್ಗದ ಕೆಲಸಕ್ಕೆಂದು ತಲೆಮಾರುಗಳ ಹಿಂದೆ ಬಂದು ನೆಲೆಸಿದ ತೆಲುಗರು ಬೊಂತ ಎನ್ನುತ್ತಾರೆ. ಹೆಸರು ಮೂರಾದರೂ ಹೊಲಿಗೆ ಒಂದೇ. ಬಂಗಾಳದ ಕಂಥಾ, ಬಿಹಾರದ ಸುಜನಿ, ಸಿಂಧ್ ಮತ್ತು ರಾಜಸ್ಥಾನದ ರಲ್ಲಿ ಇವೆಲ್ಲವೂ ಇದೇ ಬಳಗದವು. ಸವೆದ ಬಟ್ಟೆಯನ್ನು ಬಿಸಾಡಬಾರದೆಂಬ ಒಂದೇ ವಿವೇಕದಿಂದ ಇವು ಹುಟ್ಟಿದವು.

ನಮ್ಮ ಕಡೆ ಮಗು ಹುಟ್ಟಿದಾಗ ಅದನ್ನು ಮೊದಲು ಮಲಗಿಸುವುದು ಅಜ್ಜಿಯ ಹಳೆಯ ಸೀರೆಯ ಪುಟ್ಟ ಕೌದಿಯ ಮೇಲೆ. ಹೊಸ ಬಟ್ಟೆ ಕೂಸಿನ ಮೈಗೆ ಒರಟು. ನೂರು ಸಲ ಒಗೆದ ಹತ್ತಿಯಷ್ಟು ಮೃದುವಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಮಹಾನವಮಿ ಬರುವ ಮುಂಚೆ ಮನೆಯ ಕೌದಿಗಳನ್ನೆಲ್ಲ ಹಳ್ಳಕ್ಕೆ ಒಯ್ದು, ಕಲ್ಲಿನ ಮೇಲೆ ಬಡಿದು ಒಗೆದು, ದಂಡೆಯ ಮೇಲೆ ಹರವಿದ ದೃಶ್ಯವನ್ನು ಇಲ್ಲಿರುವ ನನ್ನ ವಯಸ್ಸಿನವರು ಮರೆತಿರಲಾರರು. ನೆನೆದ ಕೌದಿಯನ್ನು ಹಿಂಡಲು ಇಬ್ಬರು ಬೇಕಾಗುತ್ತಿತ್ತು. ಅವ್ವ ಒಂದು ತುದಿ ಹಿಡಿದರೆ ನಾನು ಇನ್ನೊಂದು ತುದಿ ಹಿಡಿಯುತ್ತಿದ್ದೆ.

ನನ್ನ ಹವ್ಯಾಸ ಆರಂಭವಾದದ್ದು ಅವ್ವ ತೀರಿಕೊಂಡ ವರ್ಷ. ಅವಳ ಟ್ರಂಕನ್ನು ತೆರೆದಾಗ ಮೇಲೆ ಒಂದು ಇಳಕಲ್ಲ ಸೀರೆ, ಅದರ ಕೆಳಗೆ ಗುಳೇದಗುಡ್ಡದ ಖಣದ ಕುಪ್ಪಸಗಳು, ಎಲ್ಲಕ್ಕಿಂತ ಕೆಳಗೆ ಹಳೆಯ ಧೋತರದಲ್ಲಿ ಕಟ್ಟಿದ ಒಂದು ಗಂಟು ಇದ್ದವು. ಗಂಟು ಬಿಚ್ಚಿದೆ. ನಾನು ಮೂರನೆಯ ತರಗತಿಯಲ್ಲಿ ತೊಟ್ಟ ಲಂಗದ ತುಂಡು, ತಮ್ಮನ ಕುಂಚಿಗಿಯ ಅಂಚು, ಅಪ್ಪನ ಅಂಗಿಯ ಕಿಸೆ. ಯಾವುದನ್ನೂ ಅವಳು ಬಿಸಾಡಿರಲಿಲ್ಲ. ಹೊಲಿಯಲು ಅವಳಿಗೆ ಪುರಸೊತ್ತೂ ಸಿಕ್ಕಿರಲಿಲ್ಲ. ಆ ಗಂಟನ್ನು ನಾನು ಮನೆಗೆ ತಂದೆ. ಅಲ್ಲಿಂದ ಬಟ್ಟೆ ಕೂಡಿಡುವ ಗೀಳು ಹತ್ತಿತು.

ಸೊಲ್ಲಾಪುರದ ಆಸುಪಾಸಿನಲ್ಲಿ ಇದ್ದು ಬಟ್ಟೆಯ ಗೀಳು ಹತ್ತಿಸಿಕೊಳ್ಳುವುದು, ಕಬ್ಬಿನ ಗದ್ದೆಯ ಪಕ್ಕದಲ್ಲಿದ್ದು ಬೆಲ್ಲದ ಚಟ ಹತ್ತಿಸಿಕೊಂಡಂತೆ. ಇಲ್ಲಿಯ ಚಾದರಕ್ಕೂ ಟೆರಿ ಟವೆಲ್ಲಿಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ವಿದ್ಯುತ್ ಮಗ್ಗಗಳ ಸದ್ದು ಕೇಳದ ಓಣಿಗಳು ಕಡಿಮೆ. ನಾನು ಸಿಂಪಿಗರ ಅಂಗಡಿಯ ಮುಂದೆ ನಿಂತು ಚಿಂದಿ ಕೇಳಿದೆ. ಸಂತೆಯಲ್ಲಿ ತೂಕಕ್ಕೆ ಮಾರುವ ತುಂಡುಗಳನ್ನು ಕೊಂಡೆ. ಬೀಗರ ಮನೆಗೆ ಹೋದರೂ ನನ್ನ ಕಣ್ಣು ಅವರ ಹಳೆಯ ಪರದೆಯ ಮೇಲೆ. ಎರಡೇ ವರ್ಷದಲ್ಲಿ ಒಂದು ಕಪಾಟು ತುಂಬಿತು, ಬಳಿಕ ಮಂಚದ ಕೆಳಭಾಗ ತುಂಬಿತು. "ಮನಿಯಾಗ ನಾವು ಇರೂದೋ ನಿನ್ನ ಚಿಂದಿ ಇರೂದೋ, ಒಂದು ಇತ್ಯರ್ಥ ಮಾಡು" ಎಂದು ಯಜಮಾನರು ನಗುತ್ತಲೇ ಹೇಳಿದರು. ನಿಜವಾಗಿ ಆಗ ನಾನು ಹೊಲಿದದ್ದು ಒಂದು ತಲೆದಿಂಬಿನ ಚೀಲ ಮಾತ್ರ. ಕೂಡಿಡುವುದು ಸುಲಭ, ಕತ್ತರಿ ಹಾಕುವುದು ಕಠಿಣ. ಪುಸ್ತಕ ಕೊಂಡು ಓದದೆ ಇಡುವವರಿಗೆ ಈ ಮಾತು ಅರ್ಥವಾಗುತ್ತದೆ.

ಕೂಡಿಟ್ಟದ್ದು ಕಾಲಕ್ಕೆ ಬರಬೇಕಾದರೆ ಅದನ್ನು ವಿಂಗಡಿಸಿರಬೇಕು. ಇದನ್ನು ನಾನು ಕಲಿತದ್ದು ನಷ್ಟದಿಂದ. ನಾನು ಹೊಲಿದ ಮೊದಲ ದೊಡ್ಡ ಕೌದಿಯಲ್ಲಿ ಕೆಂಪು ಖಣದ ತುಂಡುಗಳನ್ನು ಬಿಳಿಯ ಧೋತರದ ಪಕ್ಕದಲ್ಲಿ ಕೂಡಿಸಿದ್ದೆ. ಮೊದಲ ಒಗೆತದಲ್ಲಿಯೇ ಕೆಂಪು ಹರಿದು, ಮೂರು ತಿಂಗಳ ಕೆಲಸ ಕುಂಕುಮದ ನೀರಿನಲ್ಲಿ ಅದ್ದಿದಂತಾಯಿತು. ಅಂದಿನಿಂದ ನನ್ನ ಮನೆಯಲ್ಲಿ ಒಂದು ನಿಯಮವಿದೆ. ಯಾವ ಬಟ್ಟೆ ಬಂದರೂ ಮೊದಲು ಅದನ್ನು ನೀರಿನಲ್ಲಿ ನೆನೆಸಬೇಕು. ಒದ್ದೆಯಾಗಿರುವಾಗ ಬಿಳಿಯ ತುಂಡೊಂದನ್ನು ಅದರ ಮೇಲೆ ಒತ್ತಿ ನೋಡಬೇಕು. ಬಣ್ಣ ಬಿಟ್ಟರೆ ಮತ್ತೆ ಮತ್ತೆ ಒಗೆಯಬೇಕು. ಆಗಲೂ ಬಿಡುತ್ತಿದ್ದರೆ ಅದನ್ನು ಬಿಳಿಯ ನೆರೆಗೆ ಸೇರಿಸಬಾರದು. ಈ ನೆನೆಸುವಿಕೆಯಿಂದ ಇನ್ನೊಂದು ಲಾಭವುಂಟು. ಹೊಸ ಹತ್ತಿಯ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ. ಅದು ಕೌದಿಯೊಳಗೆ ಸೇರಿದ ಮೇಲೆ ಕುಗ್ಗಿದರೆ ಅಕ್ಕಪಕ್ಕದ ತುಂಡುಗಳನ್ನೂ ಜಗ್ಗಿ ಸುಕ್ಕು ಮಾಡುತ್ತದೆ.

ಎರಡನೆಯ ವಿಂಗಡಣೆ ನೂಲಿನದು. ಈಗಿನ ಬಟ್ಟೆಯನ್ನು ಕೈಯಿಂದ ಮುಟ್ಟಿ ಹೇಳುವುದು ಕಷ್ಟ. ಒಂದೆರಡು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ದೀಪಕ್ಕೆ ಹಿಡಿಯಿರಿ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತಾಗುತ್ತದೆ. ಹತ್ತಿ ಬೆವರನ್ನು ಹೀರುತ್ತದೆ. ಪಾಲಿಯೆಸ್ಟರ್ ಹೀರುವುದಿಲ್ಲ, ಹೊಲಿಯುವಾಗ ಜಾರುತ್ತದೆ. ಇವೆರಡನ್ನೂ ಒಂದೇ ಗಂಟಿನಲ್ಲಿ ಇಟ್ಟರೆ ಮುಂದೆ ತೊಂದರೆ. ಮೂರನೆಯದು ದಪ್ಪ. ನಮ್ಮ ಊರ ಚಾದರದ ತುಂಡು ಎಷ್ಟೇ ಚೆಂದವಿದ್ದರೂ ತೆಳುವಾದ ಸೀರೆಯ ಪಕ್ಕದಲ್ಲಿ ಅದು ಬಾಳುವುದಿಲ್ಲ. ದಪ್ಪದ್ದು ಜಗ್ಗುತ್ತದೆ, ತೆಳುವಾದದ್ದು ಹರಿಯುತ್ತದೆ. ಟವೆಲ್ಲಿನ ತುಂಡುಗಳನ್ನು ಒಳಗೆ ಹಾಕಿ ಒಮ್ಮೆ ನೋಡಿದೆ. ಒಗೆದ ಮೇಲೆ ಎತ್ತಲಿಕ್ಕೆ ನಾಲ್ಕು ಜನ ಬೇಕಾಯಿತು.

ಬಣ್ಣದ ವಿಂಗಡಣೆ ಕೊನೆಯದು. ಕೆಂಪು, ಹಸಿರು, ಹಳದಿ ಎಂದು ಬೇರೆ ಮಾಡಿದರೆ ಸಾಲದು. ತಿಳಿಯಾದದ್ದು, ನಡುವಿನದು, ಗಾಢವಾದದ್ದು ಎಂದೂ ಬೇರೆ ಮಾಡಬೇಕು. ತುಂಡುಗಳನ್ನು ನೆಲದ ಮೇಲೆ ಹರವಿ, ಎದ್ದು ನಿಂತು, ಕಣ್ಣನ್ನು ಅರೆ ಮುಚ್ಚಿ ನೋಡಿದರೆ ಬಣ್ಣಗಳು ಮಸುಕಾಗಿ ಬೆಳಕು-ನೆರಳು ಮಾತ್ರ ಉಳಿಯುತ್ತವೆ. ಕೌದಿ ಎದ್ದು ಕಾಣುವುದು ಆ ಬೆಳಕು-ನೆರಳಿನಿಂದ. ಅಳತೆಯಿಂದಲೂ ಪಾಲು ಮಾಡುತ್ತೇನೆ: ೬ ಅಂಗುಲದ ಚೌಕ, ೪ ಅಂಗುಲದ ಚೌಕ, ಉದ್ದ ಪಟ್ಟಿ. ಅದಕ್ಕೂ ಚಿಕ್ಕವನ್ನು ದಿಂಬಿನ ಒಳಗೆ ತುಂಬುತ್ತೇನೆ. ಕತ್ತರಿಸುವಾಗ ಹಾಸು ಮತ್ತು ಹೊಕ್ಕಿನ ಎಳೆಗೆ ನೇರವಾಗಿಯೇ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ತುಂಡು ಜಗ್ಗಿದತ್ತ ಜಗ್ಗುತ್ತದೆ. ಇಡುವುದು ಪ್ಲಾಸ್ಟಿಕ್ ಚೀಲದಲ್ಲಿ ಅಲ್ಲ, ಒಗೆದ ಹಳೆಯ ಧೋತರದ ಗಂಟಿನಲ್ಲಿ. ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಒಣಗಿದ ಬೇವಿನ ಎಲೆಗಳನ್ನು ಬೇರೆ ಪೊಟ್ಟಣ ಕಟ್ಟಿ ನಡುವೆ ಇಡುತ್ತೇನೆ. ಗುಂಡುಪಿನ್ನು ಚುಚ್ಚಿ ಇಡುವುದಿಲ್ಲ. ಅದರ ತುಕ್ಕು ಎಂದೂ ಹೋಗದು.

ಇನ್ನು ಹೊಲಿಗೆ. ಪದರಗಳನ್ನು ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ, ಸುಕ್ಕು ತೆಗೆದು, ಉದ್ದ ಉದ್ದ ಹೊಲಿಗೆ ಹಾಕಿ ತಾತ್ಕಾಲಿಕವಾಗಿ ಬಂಧಿಸಬೇಕು. ಬಳಿಕ ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಬರಬೇಕು. ಚೌಕಟ್ಟು ಬೇಕಿಲ್ಲ, ಯಂತ್ರ ಬೇಕಿಲ್ಲ. ಹೊಲಿಯುವವಳು ಕೌದಿಯ ಮೇಲೆಯೇ ಕುಳಿತಿರುತ್ತಾಳೆ. ಅವಳ ಭಾರವೇ ಅದನ್ನು ಬಿಗಿಯಾಗಿ ಹಿಡಿಯುತ್ತದೆ. ನಾನು ಗಣಿತ ಕಲಿಸಿದವಳು. ಒಂದು ಲೆಕ್ಕ ಮಾಡಿದ್ದೇನೆ. ೫ ಅಡಿ ಅಗಲ, ೭ ಅಡಿ ಉದ್ದದ ಕೌದಿಯಲ್ಲಿ ಅರ್ಧ ಅಂಗುಲಕ್ಕೊಂದು ಸಾಲು ಉದ್ದಕ್ಕೆ ಹಾಕಿದರೆ ೧೨೦ ಸಾಲುಗಳಾಗುತ್ತವೆ. ಅವುಗಳ ಒಟ್ಟು ಉದ್ದ ೮೪೦ ಅಡಿ, ಅಂದರೆ ಸುಮಾರು ೨೫೬ ಮೀಟರು. ಅಂಗುಲಕ್ಕೆ ನಾಲ್ಕು ಹೊಲಿಗೆ ಹಿಡಿದರೂ ೪೦,೦೦೦ ಹೊಲಿಗೆಗಳು ಮೀರುತ್ತವೆ. ಐದನೆಯ ತರಗತಿಯ ಮಕ್ಕಳಿಗೆ ಈ ಲೆಕ್ಕ ಕೊಟ್ಟಾಗ ಉತ್ತರ ಸರಿ ಬಂದರೂ ಅವರು ನಂಬಲಿಲ್ಲ. ಮರುದಿನ ಒಬ್ಬ ಹುಡುಗ ಮನೆಯ ಕೌದಿಯ ಒಂದು ಅಡಿಯಲ್ಲಿ ಹೊಲಿಗೆಗಳನ್ನು ಎಣಿಸಿಕೊಂಡು ಬಂದು, "ಬಾಯಿಯವರ, ನಮ್ಮ ಆಯಿ ಇನ್ನೂ ಸಣ್ಣ ಹಾಕ್ಯಾಳ್ರಿ" ಎಂದ.

ಇಷ್ಟು ಹೇಳಿದ ಮೇಲೆ ಎರಡನೆಯ ಕಾರಣಕ್ಕೆ ಬರಬೇಕು.

೨೫ ವರ್ಷಗಳ ಹಿಂದಿನ ಮಾತು. ಆಗ ನಾನು ಇಲ್ಲಿ ಸಹಶಿಕ್ಷಕಿ. ಹವ್ಯಾಸ ಹೊಸದು, ಉತ್ಸಾಹ ಹೆಚ್ಚು. ಡಿಸೆಂಬರ ತಿಂಗಳ ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಐದನೆಯ ತರಗತಿಯ ಒಬ್ಬ ಹುಡುಗಿ ಸಮವಸ್ತ್ರದ ಮೇಲೆ ಪುಟ್ಟ ಕೌದಿಯೊಂದನ್ನು ಹೊದ್ದು ನಿಂತಿದ್ದಳು. ಸ್ವೆಟರು ಅವಳಲ್ಲಿ ಇರಲಿಲ್ಲ. ಅಂದು ಶಾಲೆಗೆ ತಪಾಸಣೆಯವರು ಬರುವವರಿದ್ದರು. ನಾನು ಎಲ್ಲರೆದುರಿಗೆ, "ಕೌದಿ ಹೊದ್ಕೊಂಡು ಸಾಲಿಗೆ ಬರತಾರೇನ? ಹಾಸಿಗಿ ಬಿಟ್ಟು ಹಂಗ ಎದ್ದು ಬಂದೀಯೇನ?" ಎಂದೆ. ಮಕ್ಕಳು ನಕ್ಕರು. ಅವಳು ಏನೂ ಹೇಳಲಿಲ್ಲ. ಕೌದಿಯನ್ನು ಮಡಚಿ ಪಾಟಿಚೀಲದ ಕೆಳಗೆ ಇಟ್ಟಳು. ಆ ದಿನವೆಲ್ಲ ತೋಳುಗಳನ್ನು ಕಟ್ಟಿಕೊಂಡೇ ಕುಳಿತಿದ್ದಳು. ಮರುದಿನದಿಂದ ಶಾಲೆಗೆ ಬರಲಿಲ್ಲ.

ಎಂಟು ದಿನ ಕಾದು ನಾನು ಅವಳ ಮನೆಗೆ ಹೋದೆ. ಒಂದೇ ಕೋಣೆ. ನೆಲದ ತುಂಬ ಹಾಸಿದ ಕೌದಿ. ಅದರ ಮೇಲೆ ಕುಳಿತು ಅವಳ ತಾಯಿ ಹೊಲಿಯುತ್ತಿದ್ದರು. ಓಣಿ ಓಣಿ ತಿರುಗಿ, "ಕೌದಿ ಹೊಲಸ್ತೀರೇನ್ರೀ" ಎಂದು ಕೂಗಿ, ಕೂಲಿಗೆ ಹೊಲಿದು ಕೊಡುವುದು ಅವರ ಉದ್ಯೋಗ. ಹುಡುಗಿ ಮೂಲೆಯಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ನಾನು ಶಾಲೆಯಲ್ಲಿ ಹಾಸ್ಯ ಮಾಡಿದ ಕೌದಿಯನ್ನು ಅವಳೇ ತನ್ನ ಕೈಯಿಂದ ಹೊಲಿದಿದ್ದಳೆಂದೂ, ಮೊದಲ ಕೌದಿಯನ್ನು ಬಾಯಿಯವರಿಗೆ ತೋರಿಸಬೇಕೆಂದು ಹೊದ್ದು ಬಂದಿದ್ದಳೆಂದೂ ತಾಯಿ ಹೇಳಿದರು. ನನ್ನ ಹವ್ಯಾಸದ ಸುದ್ದಿ ಮಕ್ಕಳಿಗೆಲ್ಲ ತಿಳಿದಿತ್ತು.

ಬಂಧುಗಳೇ, ನನ್ನ ಮನೆಯ ಕಪಾಟಿನಲ್ಲಿ ಕೌದಿಯ ಬಟ್ಟೆ ಇದ್ದರೆ ಅದು ಕಲೆ. ಆ ಮಗುವಿನ ಹೆಗಲ ಮೇಲೆ ಇದ್ದರೆ ಅದು ಬಡತನ. ನಾನು ಅಂದು ಹಾಗೆ ಬಗೆದೆ. ಎಂ.ಎ. ಮಾಡಿದ್ದೆ, ಬಿ.ಎಡ್. ಮಾಡಿದ್ದೆ, ಮಗುವಿನ ಮನಸ್ಸನ್ನು ಕುರಿತು ಪುಟಗಟ್ಟಲೆ ಬರೆದು ಅಂಕ ಪಡೆದಿದ್ದೆ. ಆ ಒಂದು ಕೋಣೆಯಲ್ಲಿ ನನಗೆ ಕೂಡಲು ಧೈರ್ಯವಾಗಲಿಲ್ಲ. ತಾಯಿಯೇ ಕೌದಿಯ ಒಂದು ಅಂಚನ್ನು ಮಡಚಿ ಜಾಗ ಮಾಡಿದರು.

ಅಂದು ಅವರ ಪಕ್ಕದಲ್ಲಿ ನಾಲ್ಕು ಗಂಟುಗಳಿದ್ದವು. ಬಣ್ಣದಿಂದ ವಿಂಗಡಿಸಿದವು ಅಲ್ಲವೆಂದು ನೋಡಿದ ಕೂಡಲೇ ತಿಳಿಯಿತು. ಹೇಗೆ ಬೇರೆ ಮಾಡಿದ್ದೀರಿ ಎಂದು ಕೇಳಿದೆ. ಅವರು ಒಂದು ತುಂಡನ್ನು ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು, ಕಿವಿಯ ಹತ್ತಿರ ತಂದು, ಫಟ್ಟನೆ ಜಗ್ಗಿದರು. ಗಟ್ಟಿ ಬಟ್ಟೆಯ ಸದ್ದು ಬೇರೆ, ಸವೆದ ಬಟ್ಟೆಯ ಸದ್ದು ಬೇರೆ. ಗಟ್ಟಿಯಾದದ್ದು ಅಂಚಿಗೆ, ಅದಕ್ಕಿಂತ ಕಡಿಮೆಯದು ಮೇಲಿನ ಮೈಗೆ, ತೀರ ಸವೆದದ್ದು ಒಳಗಿನ ಪದರಕ್ಕೆ, ಚೂರುಪಾರು ದಿಂಬಿಗೆ. "ಸವದದ್ದು ಒಗೀಬಾರದ್ರಿ ಬಾಯಿ," ಎಂದರು. "ಅದರಷ್ಟು ಮೆತ್ತಗ ಯಾವದೂ ಇರೂದಿಲ್ಲ. ಅದು ಒಳಗ ಇರಬೇಕು. ಗಟ್ಟಿದ್ದು ಹೊರಗ ಇದ್ದು ಕಾಯಬೇಕು. ಅಂದ್ರ ಎಲ್ಲಾ ಕೂಡಿ ಹತ್ತು ವರ್ಷ ಬಾಳತಾವು."

ಒಂದು ತರಗತಿಯನ್ನು ಹೇಗೆ ನಡೆಸಬೇಕೆಂಬುದನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ. ಚುರುಕಾದ ಮಕ್ಕಳನ್ನು ಮುಂದೆ ಕೂಡಿಸಿ, ಹಿಂದುಳಿದವರನ್ನು ಕೊನೆಯ ಸಾಲಿಗೆ ಸರಿಸುವುದು ಅಂದಿನವರೆಗೆ ನನ್ನ ಪದ್ಧತಿಯಾಗಿತ್ತು. ಮರುವಾರದಿಂದ ನಾನು ಸಾಲುಗಳನ್ನು ಬದಲಿಸಿದೆ. ಪ್ರತಿ ಗುಂಪಿನಲ್ಲಿ ಓದಲು ತಡವರಿಸುವ ಮಗು ನಡುವೆ, ಓದಬಲ್ಲವರು ಸುತ್ತಲೂ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಆ ಸುತ್ತುಗಳಲ್ಲಿ ಕುಳಿತವರು. ಅದರ ಮೂಲ ಎಲ್ಲಿಯದೆಂದು ಅವರಿಗೆ ಇಂದು ತಿಳಿಯಲಿ.

ಆ ಬಳಿಕ ನಾನು ಈ ವಿಷಯವಾಗಿ ಓದತೊಡಗಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಸಿದ್ದಿ ಜನಾಂಗದ ಹೆಣ್ಣುಮಕ್ಕಳು ಇದೇ ರೀತಿ ಅಂಚಿನಿಂದ ನಡುವಿಗೆ ಕವಂದಿ ಹೊಲಿಯುತ್ತಾರೆ. ಆಫ್ರಿಕದಿಂದ ಬಂದವರ ವಂಶಜರು ಅವರು. ಕವಂದಿಯ ನಾಲ್ಕೂ ಮೂಲೆಗಳಿಗೆ ಮಡಚಿದ ಬಟ್ಟೆಯ ತ್ರಿಕೋನಗಳನ್ನಿಟ್ಟು ಅವುಗಳಿಗೆ ಹೂವೆಂದು ಕರೆಯುತ್ತಾರೆ. ಹೂವಿಲ್ಲದೆ ಕೆಲಸ ಪೂರ್ಣವಾಗದು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಒಂದು ಕಾಲಕ್ಕೆ ಗುಲಾಮರಾಗಿದ್ದವರ ವಂಶದ ಕಪ್ಪು ಹೆಣ್ಣುಮಕ್ಕಳು ಹೊಲದಲ್ಲಿ ದುಡಿದು ಹರಿದ ಬಟ್ಟೆಗಳನ್ನು ಜೋಡಿಸಿ ಚಳಿಗೆಂದು ಅಲ್ಲಿ ಹೊದಿಕೆ ಹೊಲಿದರು. ೨೦೦೨ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯ ಅವುಗಳನ್ನು ಗೋಡೆಗೆ ತೂಗುಹಾಕಿ ಪ್ರದರ್ಶಿಸಿತು. ೨೦೦೬ರಲ್ಲಿ ಅಲ್ಲಿಯ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು. ಹೊಲಿಗೆ ಬದಲಾಗಿರಲಿಲ್ಲ, ಬಟ್ಟೆಯೂ ಬದಲಾಗಿರಲಿಲ್ಲ. ನೋಡುವವರ ಕಣ್ಣು ಬದಲಾಗಿತ್ತು. ನಮ್ಮ ಕಣ್ಣು ಬದಲಾಗಲು ದೂರದ ಸಂಗ್ರಹಾಲಯವೊಂದು ಬರಬೇಕಿಲ್ಲ ಎಂದಷ್ಟೇ ನನ್ನ ಮಾತು.

ನಮ್ಮಲ್ಲಿ ಈ ಕೆಲಸ ಕುಂದುತ್ತಿರುವುದಕ್ಕೆ ಕಾರಣಗಳು ಗುಟ್ಟಿನವಲ್ಲ. ಮನೆಗಳಲ್ಲಿ ಹತ್ತಿಯ ಸೀರೆ ಕಡಿಮೆಯಾಗಿದೆ. ಹಳೆಯ ಸೀರೆಯೆಂದರೆ ಈಗ ಜಾರುವ ಸಿಂಥೆಟಿಕ್ ಸೀರೆ. ಯಂತ್ರದ ರಜಾಯಿ ಅಗ್ಗ. ಕೂಲಿ ಹೊಲಿಗೆಯವರಿಗೆ ನಾವು ಕೊಡುವ ಹಣ ೪೦,೦೦೦ ಹೊಲಿಗೆಗಳಿಗೆ ತಕ್ಕುದಲ್ಲ. ಚೌಕಾಸಿ ಮಾಡುವುದನ್ನು ಮಾತ್ರ ನಾವು ಬಿಡುವುದಿಲ್ಲ. ನನ್ನಂಥವರಿಗೆ ಇದು ಬಿಡುವಿನ ಸುಖ. ಅವರಿಗೆ ಸಂಜೆಯ ರೊಟ್ಟಿ. ಹವ್ಯಾಸಿಗಳಾದ ನಾವು ಆ ವ್ಯತ್ಯಾಸವನ್ನು ಮರೆಯಬಾರದು.

ಅವ್ವನ ಇಳಕಲ್ಲ ಸೀರೆಯ ಕಥೆಯನ್ನೂ ಹೇಳಿ ಮುಗಿಸುತ್ತೇನೆ. ಅದಕ್ಕೆ ಕತ್ತರಿ ಹಾಕಲು ನನಗೆ ವರ್ಷಾನುಗಟ್ಟಲೆ ಮನಸ್ಸಾಗಿರಲಿಲ್ಲ. ಕಳೆದ ವರ್ಷ ಬಿಚ್ಚಿ ನೋಡಿದರೆ ಸೆರಗಿನ ರೇಷ್ಮೆ ಮಡಿಕೆಯ ಗೆರೆಗಳಲ್ಲಿಯೇ ಸೀಳಿತ್ತು. ಹಳೆಯ ರೇಷ್ಮೆ ಒಂದೇ ಮಡಿಕೆಯಲ್ಲಿ ಬಹುಕಾಲ ಇದ್ದರೆ ಅಲ್ಲಿಯೇ ಒಡೆಯುತ್ತದೆ. ಆ ತಾಯಿಯ ಬಳಿಗೆ ಒಯ್ದೆ. ಅವರ ಕಣ್ಣು ಈಗ ಮಂದವಾಗಿವೆ, ಬೆರಳಿನಿಂದಲೇ ಸೀರೆಯನ್ನು ಉದ್ದಕ್ಕೂ ತಡವಿ, "ಪೆಟ್ಟಿಗ್ಯಾಗ ಇಟ್ಟರ ನಿಮ್ಮವ್ವ ಇನ್ನೂ ಹರೀತಾಳ್ರಿ, ಹೊರಗ ತಗೀರಿ" ಎಂದರು. ಸೆರಗನ್ನು ಬಿಡಿಸಿ, ಮಡಚದೆ, ಒಗೆದ ಬಿಳಿ ಬಟ್ಟೆಯೊಂದಿಗೆ ಕೊಳವೆಗೆ ಸುತ್ತಿ ಇಟ್ಟಿದ್ದೇನೆ. ಹತ್ತಿಯ ಒಡಲನ್ನು ಕತ್ತರಿಸಿದೆ. ಅದರ ಒಂದು ತುಂಡು ಈಗ ನಿಮ್ಮ ಮುಂದಿರುವ ಈ ಕೌದಿಯಲ್ಲಿದೆ.

ಇದು ನಮ್ಮ ಶತಮಾನೋತ್ಸವದ ಕೌದಿ. ನೂರು ವರ್ಷಗಳಿಗೆ ನೂರು ತುಂಡು. ೬ ಅಂಗುಲದ ಹತ್ತು ಚೌಕಗಳ ಹತ್ತು ಸಾಲು. ಮೇಲೆ ಕೆಳಗೆ ಒಂದೊಂದು ಅಡಿ ನಮ್ಮ ರಂಗಮಂಚದ ಹಳೆಯ ಪರದೆ. ತುಂಡುಗಳನ್ನು ನೀವೇ ಕಳಿಸಿದಿರಿ. ಖಾಕಿ ಚಡ್ಡಿ, ನೀಲಿ ಲಂಗ, ಅಜ್ಜ ಹೊತ್ತ ಪಾಟಿಚೀಲ, ನಿವೃತ್ತ ಗುರುಗಳ ಧೋತರದ ಅಂಚು, ಮಗ್ಗದ ಮೇಲೆ ದುಡಿದ ತಂದೆಯ ಅಂಗಿ. ಕೆಲವನ್ನು ಹಿಂದಿರುಗಿಸಬೇಕಾಯಿತು. ಒಬ್ಬರು ಪ್ರೀತಿಯಿಂದ ಹಳೆಯ ರಾಷ್ಟ್ರಧ್ವಜವನ್ನು ಕಳಿಸಿದ್ದರು. ಧ್ವಜಸಂಹಿತೆಯಂತೆ ಅದನ್ನು ಹೊದಿಕೆಗೆ ಬಳಸುವಂತಿಲ್ಲ, ಹಳತಾದದ್ದನ್ನು ಏಕಾಂತದಲ್ಲಿ ಗೌರವದಿಂದ ವಿಸರ್ಜಿಸಬೇಕೆಂದು ತಿಳಿಸಿ ಹಿಂದಿರುಗಿಸಿದೆ. ಉಣ್ಣೆಯ ಸ್ವೆಟರಿನ ತುಂಡಿನ ಎಳೆ ಬಿಚ್ಚುತ್ತದೆ, ಅದೂ ಮರಳಿತು. ಈಚಿನ ಸಮವಸ್ತ್ರಗಳೆಲ್ಲ ಟೆರಿಕಾಟ್. ಅವು ಹತ್ತಿಯೊಂದಿಗೆ ಹೊಂದುವುದಿಲ್ಲವೆಂದು ನಾನು ಹೊರಗಿಟ್ಟಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಬಂದು, "ಹಂಗಾದ್ರ ನಾವು ಇದರಾಗ ಇಲ್ಲೇನ್ರಿ?" ಎಂದು ಕೇಳಿದಳು. ಕೊನೆಯ ಸಾಲು ಪೂರ್ತಿ ಟೆರಿಕಾಟಿನದು. ಅಂಚನ್ನು ಎರಡು ಸಲ ಮಡಚಿ, ಹೊಲಿಗೆ ಒತ್ತಾಗಿ ಹಾಕಿದ್ದೇವೆ.

ಪದರ ಹಾಸಿ, ಯಾವ ತುಂಡು ಎಲ್ಲಿ ಎಂದು ನಿರ್ಧರಿಸಿ, ಅಂಚು ಹೊಲಿದು ಕೊಟ್ಟವರು ಅದೇ ತಾಯಿ ಮತ್ತು ಅವರ ಮಗಳು. ಇದನ್ನು ಶಾಲೆಯ ಸೇವೆಯೆಂದು ಮಾಡಿಸೋಣವೆಂಬ ಸಲಹೆ ಬಂದಿತ್ತು. ಮಂಟಪ ಹಾಕಿದವರಿಗೂ ಅಡುಗೆ ಮಾಡಿದವರಿಗೂ ನಾವು ಕೂಲಿ ಕೊಡುವುದರಿಂದ ಇವರಿಗೂ ಕೊಡಬೇಕೆಂದು ನಾನು ಹಟ ಹಿಡಿದೆ. ಸಮಿತಿ ಒಪ್ಪಿತು, ಕೇಳಿದಷ್ಟನ್ನು ಚೌಕಾಸಿಯಿಲ್ಲದೆ ಕೊಟ್ಟಿತು. ಅದಕ್ಕಾಗಿ ಸಮಿತಿಗೆ ನಾನು ಕೃತಜ್ಞಳು.

ಆ ಮಗಳು, ಅಂದು ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ಹುಡುಗಿ, ಮರಳಿ ಶಾಲೆಗೆ ಬಂದು ಹತ್ತನೆಯ ತರಗತಿಯನ್ನು ಇಲ್ಲಿಯೇ ಮುಗಿಸಿದರು. ಇಂದು ಅವರ ಮಗಳು ನಮ್ಮ ಎರಡನೆಯ ತರಗತಿಯಲ್ಲಿದ್ದಾಳೆ. ಅಂದು ಅವರ ಮನೆಯಲ್ಲಿ ಕುಳಿತಾಗಲೂ, ಮುಂದಿನ ಐದು ವರ್ಷಗಳಲ್ಲಿಯೂ ಕ್ಷಮೆಯ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಶಿಕ್ಷಕಿ ವಿದ್ಯಾರ್ಥಿನಿಯ ಕ್ಷಮೆ ಕೇಳುವುದು ಆಗಿನ ರೂಢಿಯಲ್ಲಿರಲಿಲ್ಲ ಎಂಬುದು ನೆಪ. ಕಳೆದ ತಿಂಗಳು ಹೊಲಿಯುತ್ತ ಕುಳಿತಾಗ ಕೇಳಿದೆ. "ನನಗ ನೆನಪಽ ಇಲ್ರಿ ಬಾಯಿ" ಎಂದರು. ನಿಜವಾಗಿ ಮರೆತಿದ್ದಾರೋ, ನನ್ನ ಮುಖ ನೋಡಿ ಹಾಗೆಂದರೋ ತಿಳಿಯದು. ಹೆಸರು ಹೇಳದೆ ಈ ಸಂಗತಿಯನ್ನು ಸಭೆಯಲ್ಲಿ ತಿಳಿಸಲೇ ಎಂದು ಕೇಳಿದಾಗ, ತುಸು ತಡೆದು, "ಹೇಳ್ರಿ, ಮಾಸ್ತರಗೋಳಿಗೂ ಗೊತ್ತಾಗಲಿ" ಎಂದರು. ಆದುದರಿಂದ ಹೇಳಿದೆ.

ಈ ಕೌದಿ ಇನ್ನೂ ಮುಗಿದಿಲ್ಲ. ಅಂಚಿನ ಸುತ್ತುಗಳು ಮಾತ್ರ ಆಗಿವೆ. ನಡುವಿನ ಭಾಗವನ್ನು ಬೇಕೆಂದೇ ಬಿಟ್ಟಿದ್ದೇವೆ. ಮುಂದಿನ ನಾಲ್ಕು ಶನಿವಾರ ಶಾಲೆ ಬಿಟ್ಟ ಮೇಲೆ ಈ ಸಭಾಂಗಣದಲ್ಲಿ ಇದನ್ನು ಹಾಸಿರುತ್ತದೆ. ಪಾಲಕರು ಬನ್ನಿ, ಹಳೆಯ ವಿದ್ಯಾರ್ಥಿಗಳು ಬನ್ನಿ. ತಂದೆಯವರೂ ಬರಬೇಕು, ಸೂಜಿ ಹಿಡಿಯುವುದಕ್ಕೆ ಗಂಡು-ಹೆಣ್ಣೆಂಬ ಭೇದವಿಲ್ಲ. ಮಕ್ಕಳ ಹೊಲಿಗೆ ಸೊಟ್ಟಗಾದರೆ ಯಾರೂ ಬಿಚ್ಚಬಾರದು. ಮುಗಿದ ಮೇಲೆ ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದು ಕೆಲವರ ಅಭಿಪ್ರಾಯ. ಶಾಲೆಯಲ್ಲಿ ಮಗುವಿಗೆ ಜ್ವರ ಬಂದಾಗ ಮಲಗಿಸಿ ಹೊದಿಸಲು ಇದು ಕಚೇರಿಯ ಕಪಾಟಿನಲ್ಲಿರಲಿ ಎಂಬುದು ನನ್ನ ಬೇಡಿಕೆ. ವರ್ಷಕ್ಕೊಮ್ಮೆ ಮಹಾನವಮಿಯ ಮುಂಚೆ ಒಗೆಯೋಣ. ಹಿಂಡಲು ಎರಡೂ ತುದಿ ಹಿಡಿಯುವವರು ನಮ್ಮಲ್ಲಿ ಸಾಕಷ್ಟಿದ್ದಾರೆ.